ನಡುರಾತ್ರಿ ಮೀನಖಂಡ ಹಿಡಿದುಕೊಂಡರೆ: ಬಿಡಿಸುವ ಬಗೆ, ತಡೆಯುವ ಬಗೆ

ಈಗಲೇ ಕಾಲು ಹಿಡಿದುಕೊಂಡಿದ್ದರೆ ಉಳಿದದ್ದನ್ನೆಲ್ಲ ಆಮೇಲೆ ಓದಿ. ಎದ್ದು ಕೂತು ಕಾಲು ಚಾಚಿ. ಮಂಡಿ ಮಡಚದೆ ನೇರವಾಗಿಡಿ. ಪಾದದ ಮುಂಭಾಗವನ್ನು ಕೈಯಲ್ಲಿ ಹಿಡಿದು ನಿಮ್ಮ ಮುಖದ ಕಡೆಗೆ ನಿಧಾನವಾಗಿ ಎಳೆಯಿರಿ. ಎಳೆದು ಬಿಡಬೇಡಿ, ಹಾಗೇ ಹಿಡಿದಿರಿ.

ಇದರಲ್ಲಿ ಹೆಚ್ಚಿನವರು ತಪ್ಪುವುದು ಮಂಡಿಯ ವಿಷಯದಲ್ಲಿ. ನೋವು ಶುರುವಾದ ಕೂಡಲೇ ಮಂಡಿ ತಾನಾಗಿ ಮಡಚಿಕೊಳ್ಳುತ್ತದೆ, ಎರಡೂ ಕೈ ಗಂಟು ಕಟ್ಟಿದ ಜಾಗಕ್ಕೆ ಹೋಗುತ್ತವೆ. ಕಾಲಿನ ಹಿಂಭಾಗದ ದೊಡ್ಡ ಸ್ನಾಯು ಹುಟ್ಟುವುದು ಮಂಡಿಯ ಕೆಳಗಲ್ಲ, ಮಂಡಿಯ ಮೇಲೆ, ತೊಡೆಮೂಳೆಯ ತುದಿಯಲ್ಲಿ. ಅಲ್ಲಿಂದ ಇಳಿದು ಹಿಮ್ಮಡಿಗೆ ಅಂಟಿಕೊಳ್ಳುತ್ತದೆ. ಮಂಡಿ ಮಡಚಿದರೆ ಅದರ ಮೇಲಿನ ತುದಿ ಸಡಿಲವಾಗುತ್ತದೆ. ಆಗ ಪಾದವನ್ನು ಎಷ್ಟು ಎಳೆದರೂ ಸ್ನಾಯು ಪೂರ್ತಿ ಚಾಚಿಕೊಳ್ಳುವುದಿಲ್ಲ. ‘ಎಳೆದು ನೋಡಿದೆ, ಬಿಡಲೇ ಇಲ್ಲ’ ಎನ್ನುವವರಲ್ಲಿ ಅನೇಕರು ಮಂಡಿ ಮಡಚಿಕೊಂಡೇ ಎಳೆದಿರುತ್ತಾರೆ.

ಬಿಡಿಸುವಾಗ ಕೈ ಎಲ್ಲಿರಬೇಕು

ಹಿಡಿಯಬೇಕಾದದ್ದು ಬೆರಳುಗಳ ತುದಿಯನ್ನಲ್ಲ, ಬೆರಳುಗಳ ಬುಡದಲ್ಲಿ ಅಂಗಾಲು ದಪ್ಪಗಿರುವ ಜಾಗವನ್ನು. ಬೆರಳು ಮಾತ್ರ ಎಳೆದರೆ ಬೆರಳಷ್ಟೇ ಬಾಗುತ್ತದೆ, ಹಿಮ್ಮಡಿ ಇದ್ದಲ್ಲೇ ಇರುತ್ತದೆ. ಜಗ್ಗಬೇಡಿ. ಬಿಗಿದುಕೊಂಡ ಸ್ನಾಯುವನ್ನು ಒಮ್ಮೆಲೇ ಜಗ್ಗಿದರೆ ಎಳೆಗಳಿಗೆ ಪೆಟ್ಟಾಗಿ ಮರುದಿನದ ನೋವು ಹೆಚ್ಚುತ್ತದೆ. ಮೂರು ನಾಲ್ಕು ಸೆಕೆಂಡು ತೆಗೆದುಕೊಂಡು ಎಳೆತ ಏರಿಸಿ, ತಡೆದುಕೊಳ್ಳುವಷ್ಟು ಬಿಗಿ ಬಂದಾಗ ಅಲ್ಲೇ ನಿಲ್ಲಿಸಿ, 30 ಸೆಕೆಂಡು ಹಿಡಿದಿರಿ. ಗಂಟು ಕರಗುವುದು ಕೈಗೆ ಗೊತ್ತಾಗುತ್ತದೆ: ಕಲ್ಲಿನಂತಿದ್ದದ್ದು ಮೊದಲು ಒಂದು ಅಂಚಿನಲ್ಲಿ ಮೆತ್ತಗಾಗಿ, ಆಮೇಲೆ ಪೂರ್ತಿ ಇಳಿಯುತ್ತದೆ. ಮೆತ್ತಗಾದ ತಕ್ಷಣ ಪಾದ ಬಿಟ್ಟುಬಿಟ್ಟರೆ ಮತ್ತೆ ಹಿಡಿಯುವ ಸಾಧ್ಯತೆ ಹೆಚ್ಚು. ಇನ್ನೊಂದು 30 ಸೆಕೆಂಡು ಹಾಗೇ ಇರಲಿ.

ಬಾಗಿ ಪಾದ ಮುಟ್ಟಲು ಆಗದವರು ಉದ್ದನೆಯ ಟವೆಲ್ ಒಂದನ್ನು ಕೈಗೆಟುಕುವಂತೆ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಅಂಗಾಲಿಗೆ ಸುತ್ತು ಹಾಕಿ ಎರಡು ತುದಿ ಹಿಡಿದು ಎಳೆದರೆ ಅದೇ ಕೆಲಸ ಆಗುತ್ತದೆ. ಕತ್ತಲಲ್ಲಿ ಹುಡುಕುವ ಪರಿಸ್ಥಿತಿ ಬರಬಾರದು.

ಟವೆಲ್ ಇಲ್ಲದಿದ್ದರೆ ಮಲಗಿದಲ್ಲೇ ಹಿಮ್ಮಡಿಯನ್ನು ದೂರಕ್ಕೆ ತಳ್ಳಿ, ಬೆರಳುಗಳನ್ನು ಮುಖದ ಕಡೆಗೆ ಬಲವಾಗಿ ಎತ್ತಿ. ಕಾಲಿನ ಮುಂಬದಿಯ ಸ್ನಾಯು ಬಿಗಿಯಾದಾಗ ಹಿಂಬದಿಯ ಸ್ನಾಯುವಿಗೆ ಸಡಿಲಾಗು ಎನ್ನುವ ಸಂದೇಶ ಬೆನ್ನುಹುರಿಯಿಂದಲೇ ಹೋಗುತ್ತದೆ. ಮೊದಲ ಕೆಲವು ಸೆಕೆಂಡು ನೋವು ಏರಿದಂತೆ ಅನಿಸುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ.

ಪಕ್ಕದಲ್ಲಿ ಯಾರಾದರೂ ಇದ್ದು ಸಹಾಯ ಮಾಡುವಂತಿದ್ದರೆ ಅವರು ಒಂದು ಅಂಗೈಯಲ್ಲಿ ಹಿಮ್ಮಡಿ ಹಿಡಿದು, ಮುಂಗೈಯನ್ನು ಅಂಗಾಲಿಗೆ ಆನಿಸಿ, ಮೈಭಾರ ಹಾಕಿ ನಿಧಾನವಾಗಿ ಮುಂದಕ್ಕೆ ಒತ್ತಲಿ. ಇನ್ನೊಂದು ಕೈ ಮಂಡಿಯ ಸ್ವಲ್ಪ ಮೇಲಿದ್ದು ಅದು ಮಡಚದಂತೆ ನೋಡಿಕೊಳ್ಳಲಿ. ನೋವಿರುವವರೇ ‘ಸಾಕು’ ಎಂದು ಹೇಳಬೇಕು, ಒತ್ತುವವರು ಊಹಿಸುವುದಲ್ಲ.

ಎದ್ದು ನಿಂತು ಹಿಮ್ಮಡಿಯನ್ನು ನೆಲಕ್ಕೆ ಊರುವುದೂ ಒಳ್ಳೆಯ ದಾರಿಯೇ. ದೇಹದ ಭಾರವೇ ಸ್ನಾಯುವನ್ನು ಚಾಚುತ್ತದೆ. ಆದರೆ ನಿದ್ದೆಗಣ್ಣು, ಕತ್ತಲೆ, ಒಂದು ಕಾಲು ಹಿಡಿತದಲ್ಲಿಲ್ಲ: ವಯಸ್ಸಾದವರು ಬೀಳುವುದು ಹೀಗೆಯೇ. ಸೆಳೆತದಿಂದ ಮೂಳೆ ಮುರಿಯುವುದಿಲ್ಲ, ಅದರಿಂದ ಬಿಡಿಸಿಕೊಳ್ಳಲು ಹಾರಿ ಎದ್ದಾಗ ಮುರಿಯಬಹುದು. ದೀಪದ ಸ್ವಿಚ್ ಕೈಗೆ ಸಿಗಬೇಕು, ಹಾಸಿಗೆಯ ಪಕ್ಕದಲ್ಲಿ ಅಲುಗಾಡದ ಕುರ್ಚಿ ಇರಬೇಕು. ಇವೆರಡೂ ಇಲ್ಲದಿದ್ದರೆ ಕೂತೇ ಬಿಡಿಸಿಕೊಳ್ಳಿ.

ಮೀನಖಂಡವಲ್ಲದೆ ಬೇರೆ ಕಡೆ ಹಿಡಿದರೂ ನಿಯಮ ಒಂದೇ: ಯಾವ ಸ್ನಾಯು ಕುಗ್ಗಿದೆಯೋ ಅದನ್ನು ಉದ್ದ ಮಾಡಬೇಕು. ಅಂಗಾಲು ಹಿಡಿದರೆ ಬೆರಳುಗಳನ್ನು ಮೇಲಕ್ಕೆ ಬಾಗಿಸಿ. ತೊಡೆಯ ಹಿಂಭಾಗವಾದರೆ ಮಂಡಿ ನೇರ ಮಾಡಿ ಸೊಂಟದಿಂದ ಮುಂದಕ್ಕೆ ಬಾಗಿ. ತೊಡೆಯ ಮುಂಭಾಗವಾದರೆ ಇದರ ತಿರುವು, ಮಂಡಿ ಮಡಚಿ ಹಿಮ್ಮಡಿಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಕಾಲಿನ ಮುಂಬದಿ, ಅಂದರೆ ಮಂಡಿಯ ಕೆಳಗಿನ ಮೂಳೆಯ ಪಕ್ಕ ಹಿಡಿದಿದ್ದರೆ ಮಾತ್ರ ಪಾದವನ್ನು ಕೆಳಕ್ಕೆ ಚಾಚಬೇಕು.

ಬಿಟ್ಟ ಮೇಲೆ ಎರಡು ಮೂರು ನಿಮಿಷ ಕೋಣೆಯಲ್ಲೇ ನಡೆದಾಡಿ. ಅಂಗೈಯಿಂದ ಹಗುರವಾಗಿ ಉಜ್ಜಿ, ಬೇಕಿದ್ದರೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ಮಧುಮೇಹದಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರು ಬಿಸಿ ಇಡಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. ಸೆಳೆತ ಕೆಲವು ಸೆಕೆಂಡಿನಿಂದ ಕೆಲವು ನಿಮಿಷ ಇರುತ್ತದೆ. ಆದರೆ ಹೊಡೆತ ತಿಂದಂತಹ ನೋವು ಮರುದಿನವೂ ಉಳಿಯಬಹುದು. ಅದರಿಂದ ಗಾಬರಿ ಬೇಡ.

ಮಲಗಿರುವಾಗಲೇ ಏಕೆ

ಸಾಮಾನ್ಯವಾಗಿ ನಾವು ‘ನರ ಹಿಡಿದುಕೊಂಡಿದೆ’ ಎನ್ನುತ್ತೇವೆ. ಈ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಗಟ್ಟಿಯಾಗುವುದು ಸ್ನಾಯುವಾದರೂ ತೊಂದರೆ ಶುರುವಾಗುವುದು ಅದನ್ನು ಆಡಿಸುವ ನರದಲ್ಲಿ. ಅದು ಯಾರೂ ಕೇಳದೆಯೇ ಅತಿವೇಗದಲ್ಲಿ ಮಿಡಿಯತೊಡಗಿ, ಸ್ನಾಯುವನ್ನು ಬಿಡುವಿಲ್ಲದೆ ಬಿಗಿಯುತ್ತದೆ.

ಮಲಗಿದಾಗ ಪಾದ ತಾನಾಗಿ ಕೆಳಕ್ಕೆ ಇಳಿಬೀಳುತ್ತದೆ, ಬೆರಳ ತುದಿ ದೂರಕ್ಕೆ ಚಾಚುತ್ತದೆ. ಆಗ ಮೀನಖಂಡ ಆಗಲೇ ಕುಗ್ಗಿದ ಸ್ಥಿತಿಯಲ್ಲಿದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿನೊಳಗೆ ಎಳೆತವನ್ನು ಅಳೆಯುವ ಪುಟ್ಟ ಅಂಗಗಳಿವೆ. ಬಿಗಿ ಹೆಚ್ಚಾದರೆ ಅವು ನರಕ್ಕೆ ಕಡಿವಾಣ ಹಾಕುತ್ತವೆ. ಕುಗ್ಗಿದ ಸ್ನಾಯುವಿನಲ್ಲಿ ಆ ಕಡಿವಾಣ ಸಡಿಲ. ಇಷ್ಟಾದ ಮೇಲೆ ಒಂದು ಸಣ್ಣ ಕದಲಿಕೆ ಸಾಕು. ಬೆಳಗಿನ ಜಾವ ಮೈಮುರಿಯುತ್ತಾ ಕಾಲ್ಬೆರಳುಗಳನ್ನು ಮುಂದಕ್ಕೆ ಚಾಚಿದ ಆ ಒಂದು ಕ್ಷಣದಲ್ಲೇ ಎಷ್ಟೋ ಜನರಿಗೆ ಹಿಡಿದುಕೊಳ್ಳುತ್ತದೆ. ಪಾದವನ್ನು ಮೇಲಕ್ಕೆ ಎಳೆದರೆ ಬಿಡುವುದೂ ಇದೇ ಕಾರಣಕ್ಕೆ.

ಆದ್ದರಿಂದ ಮೈಮುರಿಯುವ ಅಭ್ಯಾಸವನ್ನೇ ಬದಲಿಸಿಕೊಳ್ಳಿ. ಬೆರಳ ತುದಿಯಿಂದಲ್ಲ, ಹಿಮ್ಮಡಿಯಿಂದ ತಳ್ಳಿ. ಎರಡು ಮೂರು ವಾರ ಹಗಲಲ್ಲೂ ನೆನಪಿಟ್ಟು ಮಾಡಿದರೆ ನಿದ್ದೆಗಣ್ಣಲ್ಲೂ ಹಾಗೇ ಬರತೊಡಗುತ್ತದೆ.

ಹಾಸಿಗೆ

ಅಂಗಾತ ಮಲಗುವವರ ಪಾದದ ಮೇಲೆ ಭಾರವಾದ ಹೊದಿಕೆ ಇದ್ದರೆ, ಅಥವಾ ಹೊದಿಕೆಯ ತುದಿಯನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದ್ದರೆ, ರಾತ್ರಿಯಿಡೀ ಪಾದ ಕೆಳಕ್ಕೆ ಒತ್ತಲ್ಪಡುತ್ತದೆ. ಕಾಲಬದಿಯಲ್ಲಿ ಹೊದಿಕೆ ಸಡಿಲವಾಗಿರಲಿ. ಅಂಗಾಲಿಗೆ ತಾಗುವಂತೆ ಗಟ್ಟಿ ದಿಂಬೊಂದನ್ನು ನಿಲ್ಲಿಸಿದರೆ ಪಾದ ನೆಟ್ಟಗೆ ನಿಲ್ಲುತ್ತದೆ. ಬೋರಲು ಮಲಗುವವರು ಪಾದಗಳು ಹಾಸಿಗೆಯ ಅಂಚಿನಿಂದ ಹೊರಗೆ ಇಳಿಬೀಳುವಂತೆ ಸ್ವಲ್ಪ ಕೆಳಕ್ಕೆ ಸರಿದು ಮಲಗಬೇಕು. ಖರ್ಚಿಲ್ಲ, ಅಡ್ಡ ಪರಿಣಾಮವಿಲ್ಲ. ಮೊದಲ ರಾತ್ರಿಯೇ ಮಾಡಿಬಿಡಿ.

ಮಲಗುವ ಮುನ್ನ ಹತ್ತು ನಿಮಿಷ

ಗೋಡೆಗೆ ಮುಖಮಾಡಿ 60ರಿಂದ 90 ಸೆಂಟಿಮೀಟರ್ ದೂರದಲ್ಲಿ ನಿಂತು, ಅಂಗೈಗಳನ್ನು ಎದೆಯ ಎತ್ತರದಲ್ಲಿ ಗೋಡೆಗೆ ಊರಿ. ಒಂದು ಕಾಲು ಮುಂದಿರಲಿ, ಚಾಚಬೇಕಾದ ಕಾಲು ಹಿಂದಿರಲಿ. ಹಿಂದಿನ ಕಾಲಿನ ಮಂಡಿ ನೇರ, ಹಿಮ್ಮಡಿ ನೆಲಕ್ಕೆ ಒತ್ತಿರಬೇಕು. ಮುಂದಿನ ಮಂಡಿಯನ್ನು ಬಾಗಿಸುತ್ತಾ ಸೊಂಟವನ್ನು ಗೋಡೆಯ ಕಡೆಗೆ ತನ್ನಿ. ಮೀನಖಂಡದ ಮೇಲ್ಭಾಗದಲ್ಲಿ ಬಿಗಿ ಕಾಣಿಸಿದಾಗ ನಿಲ್ಲಿಸಿ, 30 ಸೆಕೆಂಡು ಎಣಿಸಿ. ಉಸಿರು ಕಟ್ಟಬೇಡಿ. ಪ್ರತಿ ಕಾಲಿಗೆ ಮೂರು ಸಲ.

ಆಮೇಲೆ ಅದೇ ಭಂಗಿಯಲ್ಲಿ ಹಿಂದಿನ ಮಂಡಿಯನ್ನು ಸ್ವಲ್ಪ ಬಾಗಿಸಿ, ಹಿಮ್ಮಡಿ ಏಳದಂತೆ, ಮತ್ತೆ 30 ಸೆಕೆಂಡು. ಈ ಸಲ ಬಿಗಿ ಇನ್ನಷ್ಟು ಕೆಳಗೆ, ಹಿಮ್ಮಡಿಯ ಹತ್ತಿರ ಕಾಣುತ್ತದೆ. ದೊಡ್ಡ ಸ್ನಾಯುವಿನ ಅಡಿಯಲ್ಲಿ ಚಪ್ಪಟೆಯಾದ ಇನ್ನೊಂದು ಸ್ನಾಯು ಇದೆ. ಅದು ಮಂಡಿಯನ್ನು ದಾಟುವುದಿಲ್ಲ, ಹಾಗಾಗಿ ಮಂಡಿ ಬಾಗಿದಾಗಲೇ ಅದರ ಸರದಿ. ಕೊನೆಗೆ ಹಾಸಿಗೆಯ ಮೇಲೆ ಕಾಲು ಚಾಚಿ ಕೂತು, ಬೆನ್ನು ಗೂನು ಮಾಡದೆ ಸೊಂಟದಿಂದ ಮುಂದಕ್ಕೆ ಬಾಗಿ ತೊಡೆಯ ಹಿಂಭಾಗ ಚಾಚಿ.

ಇಲ್ಲಿ ಕೆಡುವುದು ಇಷ್ಟು: ಹಿಂದಿನ ಪಾದವನ್ನು ಹೊರಕ್ಕೆ ತಿರುಗಿಸಿ ನಿಲ್ಲುವುದು (ಬೆರಳುಗಳು ನೇರ ಗೋಡೆಯ ಕಡೆಗೇ ಇರಬೇಕು, ಇಲ್ಲದಿದ್ದರೆ ಎಳೆತ ಪಕ್ಕಕ್ಕೆ ಜಾರುತ್ತದೆ), ಹಿಮ್ಮಡಿ ಸದ್ದಿಲ್ಲದೆ ಎದ್ದಿರುವುದು, ಕುಲುಕುವುದು. ಕುಲುಕಿದಷ್ಟೂ ಸ್ನಾಯು ಎದುರು ಬಿಗಿಯುತ್ತದೆ. ನುಣುಪು ನೆಲದಲ್ಲಿ ಕಾಲುಚೀಲ ಹಾಕಿಕೊಂಡು ಮಾಡಬೇಡಿ. ನಿಂತರೆ ತೂಕ ತಪ್ಪುವವರು ಗೋಡೆಯ ತಂಟೆಗೇ ಹೋಗದೆ, ಕೂತು ಟವೆಲ್‌ನಿಂದ ಎಳೆದುಕೊಂಡರೆ ಸಾಕು.

ಇದು ಎಷ್ಟು ಫಲ ಕೊಡುತ್ತದೆ? 2012ರಲ್ಲಿ ನೆದರ್ಲೆಂಡ್ಸ್‌ನಲ್ಲಿ 55 ವರ್ಷ ದಾಟಿದ 80 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಆರು ವಾರ ಪ್ರತಿ ರಾತ್ರಿ ಮೀನಖಂಡ ಮತ್ತು ತೊಡೆಯ ಹಿಂಭಾಗ ಚಾಚಿದವರಿಗೆ ಸೆಳೆತದ ಸಂಖ್ಯೆಯೂ ನೋವೂ ಕಡಿಮೆಯಾದವು. 2005ರಲ್ಲಿ ಬ್ರಿಟನ್‌ನಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. ಎಲ್ಲರಿಗೂ ಆಗಿಬರುತ್ತದೆ ಎಂದು ಹೇಳಲಾಗದು. ಆದರೂ ಮೊದಲು ಇದನ್ನೇ ಮಾಡಿ ಎನ್ನುತ್ತೇವೆ, ಏಕೆಂದರೆ ಮಾತ್ರೆಗಳ ಕಥೆ ಇದಕ್ಕಿಂತ ಕಳಪೆಯಾಗಿದೆ. ಮೂರು ದಿನ ಮಾಡಿ ಬಿಡಬೇಡಿ, ಆರು ವಾರ ಕೊಟ್ಟು ನಂತರ ತೀರ್ಮಾನಿಸಿ.

ನೀರು, ಉಪ್ಪು, ಬಾಳೆಹಣ್ಣು

ಬಿಸಿಲಲ್ಲಿ ದುಡಿದು ಬೆವರು ಸುರಿಸಿದ ದಿನ ರಾತ್ರಿ ಹಿಡಿದುಕೊಂಡರೆ ನೀರು ಮತ್ತು ಉಪ್ಪಿನಂಶ ಎರಡರ ಕೊರತೆಯೂ ಕಾರಣವಿರಬಹುದು. ಬೆವರಿನಲ್ಲಿ ಹೆಚ್ಚು ಹೋಗುವುದು ಸೋಡಿಯಂ, ಪೊಟ್ಯಾಸಿಯಂ ಅಲ್ಲ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ಉಳಿದ ಉಪ್ಪೂ ತೆಳುವಾಗುತ್ತದೆ. ಅಂಥ ದಿನ ಒಂದು ಪ್ಯಾಕೆಟ್ ಓಆರ್‌ಎಸ್ ಪುಡಿಯನ್ನು ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕರಗಿಸಿ ಕುಡಿಯುವುದು ಸರಿ. ಅರ್ಧ ನೀರಿಗೆ ಇಡೀ ಪ್ಯಾಕೆಟ್ ಹಾಕಬೇಡಿ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಉಪ್ಪು ಹೆಚ್ಚಿಸಬಾರದು.

ಆದರೆ ಬೆವರದ, ಚೆನ್ನಾಗಿ ಉಂಡು ಕುಡಿದು ಮಲಗುವ ಬಹುಪಾಲು ಜನರ ರಕ್ತ ಪರೀಕ್ಷೆಯಲ್ಲಿ ಈ ಲವಣಗಳು ಸರಿಯಾಗಿಯೇ ಇರುತ್ತವೆ. ಬಾಳೆಹಣ್ಣು ತಿಂದರೆ ಹಾನಿಯಿಲ್ಲ, ಆದರೆ ಪೊಟ್ಯಾಸಿಯಂ ಕೊರತೆಯೇ ಇಲ್ಲದವರಿಗೆ ಅದರಿಂದ ಸೆಳೆತ ನಿಲ್ಲದು. ಪೊಟ್ಯಾಸಿಯಂ ಮಾತ್ರೆಯನ್ನಂತೂ ಸ್ವಂತ ಬುದ್ಧಿಯಿಂದ ನುಂಗಲೇಬೇಡಿ. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಮತ್ತು ರಕ್ತದೊತ್ತಡದ ಕೆಲವು ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸುತ್ತದೆ.

ವಿನೆಗರ್ ಮತ್ತು ಉಪ್ಪಿನ ನೀರಿನ ಒಂದು ಗುಟುಕಿನಿಂದ ಸೆಳೆತ ಬೇಗ ಬಿಡುತ್ತದೆ ಎನ್ನುವುದು ಪೂರ್ತಿ ಸುಳ್ಳಲ್ಲ. 2010ರ ಒಂದು ಪ್ರಯೋಗದಲ್ಲಿ ಕಾಲ್ಬೆರಳಿನ ಸ್ನಾಯುವಿಗೆ ವಿದ್ಯುತ್ತಿನಿಂದ ಸೆಳೆತ ಬರಿಸಿದಾಗ, ಸೌತೆಕಾಯಿ ನೆನೆಹಾಕಿದ ಹುಳಿ-ಉಪ್ಪು ನೀರು ಕುಡಿದವರಿಗೆ ಬರೀ ನೀರು ಕುಡಿದವರಿಗಿಂತ ಬೇಗ ಬಿಟ್ಟಿತು. ಅಷ್ಟು ಬೇಗ ಅದು ರಕ್ತಕ್ಕೆ ಸೇರಿರಲು ಸಾಧ್ಯವಿಲ್ಲ. ಗಂಟಲಿಗೆ ತಾಗಿದ ಹುಳಿಯೇ ನರಗಳ ಮೂಲಕ ಕೆಲಸ ಮಾಡಿರಬೇಕು ಎಂಬುದು ಸಂಶೋಧಕರ ಊಹೆ. ಪಾದ ಎಳೆದುಕೊಳ್ಳುವುದು ಅದಕ್ಕಿಂತ ಸುಲಭ.

ಮಾತ್ರೆಗಳು

ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು: ಸೆಳೆತಕ್ಕೆಂದು ಅದನ್ನು ನೀವಾಗಿ ತೆಗೆದುಕೊಳ್ಳಬೇಡಿ. ಅದು ಸೆಳೆತವನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ನಿಜ. ಆದರೆ ಕೆಲವರಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳು ಹಠಾತ್ತನೆ ಕುಸಿದು ರಕ್ತಸ್ರಾವವಾಗುತ್ತದೆ, ಹೃದಯದ ಲಯ ತಪ್ಪುತ್ತದೆ. ಯಾರಿಗೆ ಹೀಗಾಗುತ್ತದೆ ಎಂದು ಮೊದಲೇ ಹೇಳಲಾಗದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1994ರಲ್ಲೇ ವೈದ್ಯರ ಚೀಟಿಯಿಲ್ಲದೆ ಇದನ್ನು ಸೆಳೆತಕ್ಕೆ ಮಾರುವುದನ್ನು ನಿಲ್ಲಿಸಿತು, 2010ರಲ್ಲಿ ಮತ್ತೆ ಎಚ್ಚರಿಕೆ ಕೊಟ್ಟಿತು.

ಮೆಗ್ನೀಸಿಯಂ ಬಹಳ ಜನ ನುಂಗುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ವಿಮರ್ಶೆಯ ಪ್ರಕಾರ ವಯಸ್ಸಾದವರ ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಆಗುವ ಸಂಭವ ಕಡಿಮೆ. ಗರ್ಭಿಣಿಯರ ವಿಷಯದಲ್ಲಿ ಅಧ್ಯಯನಗಳ ಫಲಿತಾಂಶ ಒಂದಕ್ಕೊಂದು ಹೊಂದುವುದಿಲ್ಲ. ಭೇದಿ ಸಾಮಾನ್ಯ ಅಡ್ಡ ಪರಿಣಾಮ, ಮೂತ್ರಪಿಂಡ ಕೆಟ್ಟವರಿಗೆ ಅಪಾಯ. 2024ರಲ್ಲಿ ಚೀನಾದಲ್ಲಿ 65 ದಾಟಿದ 199 ಜನರಿಗೆ ದಿನಕ್ಕೆ 180 ಮೈಕ್ರೋಗ್ರಾಂ ವಿಟಮಿನ್ ಕೆ2 ಅಥವಾ ಹುಸಿಮಾತ್ರೆ ಎಂಟು ವಾರ ಕೊಟ್ಟಾಗ, ಕೆ2 ಪಡೆದವರ ಸೆಳೆತ ಗಣನೀಯವಾಗಿ ಕಡಿಮೆಯಾಯಿತು. ಭರವಸೆಯ ಸುದ್ದಿ, ಆದರೆ ಒಂದೇ ಅಧ್ಯಯನವನ್ನು ನಂಬಿ ಹೊರಡುವಂತಿಲ್ಲ. ವಾರ್ಫರಿನ್ ತೆಗೆದುಕೊಳ್ಳುವವರು ವಿಟಮಿನ್ ಕೆ ಮಾತ್ರೆ ಮುಟ್ಟಲೇಬಾರದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನ ಕೆಲಸವೇ ಕೆಡುತ್ತದೆ.

ನುಂಗಬೇಕಾದ ಮಾತ್ರೆಗಿಂತ ಈಗ ನುಂಗುತ್ತಿರುವ ಮಾತ್ರೆ ಯಾವುದು ಎನ್ನುವುದೇ ಹಲವರಲ್ಲಿ ಮುಖ್ಯ ಸುಳಿವು. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳು, ಸಾಲ್ಮೆಟರಾಲ್‌ನಂಥ ದೀರ್ಘಕಾಲ ಕೆಲಸ ಮಾಡುವ ಉಸಿರಾಟದ ಇನ್‌ಹೇಲರ್‌ಗಳು, ಅಷ್ಟಿಲ್ಲದಿದ್ದರೂ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್‌ಗಳು ಸೆಳೆತದ ಜತೆ ನಂಟು ಹೊಂದಿವೆ. ಹೊಸ ಔಷಧ ಶುರುವಾದ ದಿನವನ್ನೂ ಸೆಳೆತ ಶುರುವಾದ ದಿನವನ್ನೂ ಪಕ್ಕಪಕ್ಕ ಬರೆದು ನೋಡಿ. ಆದರೆ ನೀವಾಗಿ ನಿಲ್ಲಿಸಬೇಡಿ. ಪ್ರಮಾಣ ಬದಲಿಸಬಹುದೇ, ಬೇರೆ ಔಷಧ ಇದೆಯೇ ಎಂದು ಕೇಳಿ.

ಸೆಳೆತವೆಂದು ತಪ್ಪು ತಿಳಿಯುವಂಥವು

ಸೆಳೆತ ಹಠಾತ್ತನೆ ಬರುತ್ತದೆ, ಕೈಗೆ ಗಟ್ಟಿ ಗಂಟು ಸಿಗುತ್ತದೆ, ಚಾಚಿದರೆ ಬಿಡುತ್ತದೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಬೇರೇನೋ ಇರಬಹುದು ಎಂದುಕೊಳ್ಳಿ. ಗಂಟಿಲ್ಲ, ಆದರೆ ಕಾಲು ಆಡಿಸದೆ ಇರಲಾಗದ ತಳಮಳ ಸಂಜೆಯಾಗುತ್ತಲೇ ಶುರುವಾಗಿ ನಡೆದಾಡಿದರೆ ತಗ್ಗುತ್ತದೆ ಎಂದರೆ ಅದು ಚಡಪಡಿಕೆ ಕಾಲಿನ ತೊಂದರೆ. ಅದಕ್ಕೆ ಕಬ್ಬಿಣಾಂಶದ ಪರೀಕ್ಷೆ ಮಾಡಿಸಬೇಕು, ಚಿಕಿತ್ಸೆಯೂ ಬೇರೆ. ನಡೆದಾಗ ಮೀನಖಂಡ ನೋಯ್ದು ನಿಂತರೆ ಹೋಗುವುದು ರಕ್ತನಾಳ ಕಿರಿದಾದ ಲಕ್ಷಣ. ಉರಿ, ಜುಮ್ಮೆನ್ನುವಿಕೆ, ಮರಗಟ್ಟುವಿಕೆ ಇದ್ದರೆ ನರದ ಕಾಯಿಲೆಯ ಕಡೆ ನೋಡಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇಲ್ಲಿ: ಒಂದೇ ಕಾಲು ಊದಿದೆ, ಬಿಸಿಯಾಗಿದೆ, ಬಣ್ಣ ಬದಲಾಗಿದೆ, ನೋವು ಗಂಟೆಗಟ್ಟಲೆ ಬಿಡುತ್ತಿಲ್ಲ. ಇದು ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು. ದೀರ್ಘ ಪ್ರಯಾಣ, ಶಸ್ತ್ರಚಿಕಿತ್ಸೆ, ಹೆರಿಗೆ, ಹಾಸಿಗೆ ಹಿಡಿದಿದ್ದು ಇತ್ತೀಚೆಗೆ ಆಗಿದ್ದರೆ ಅನುಮಾನ ಇನ್ನೂ ಹೆಚ್ಚಬೇಕು. ಆ ಕಾಲನ್ನು ತಿಕ್ಕಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಜತೆಗೆ ಉಸಿರು ಕಟ್ಟಿದರೆ, ಎದೆ ನೋಯ್ದರೆ, ಒಂದು ನಿಮಿಷವೂ ಕಾಯಬೇಡಿ.

ಸೆಳೆತವೇ ಆದರೂ ವಾರಕ್ಕೆ ಹಲವು ಸಲ ನಿದ್ದೆ ಕೆಡಿಸುತ್ತಿದ್ದರೆ, ಕೈಗಳಿಗೂ ಬರುತ್ತಿದ್ದರೆ, ಕಾಲಿನ ಬಲ ಕುಗ್ಗಿ ಪಾದ ಎಡವುತ್ತಿದ್ದರೆ, ಸ್ನಾಯು ಸವೆದು ಸಣ್ಣಗಾಗಿದ್ದರೆ ತೋರಿಸಲೇಬೇಕು. ಥೈರಾಯ್ಡ್, ಮಧುಮೇಹ, ಮೂತ್ರಪಿಂಡ, ಯಕೃತ್ತಿನ ಕಾಯಿಲೆಗಳಲ್ಲಿ ಸೆಳೆತ ಹೆಚ್ಚು. ಡಯಾಲಿಸಿಸ್‌ನಲ್ಲಿ ಇರುವವರು ಸೆಳೆತ ಬಂದ ಕೂಡಲೇ ಅಲ್ಲಿನ ಸಿಬ್ಬಂದಿಗೆ ಹೇಳಬೇಕು, ದೇಹದಿಂದ ನೀರು ತೆಗೆಯುವ ವೇಗವನ್ನು ಅವರು ತಗ್ಗಿಸಬಲ್ಲರು.

ವೈದ್ಯರ ಬಳಿ ಹೋಗುವ ಮುನ್ನ ಎರಡು ವಾರ ಒಂದು ಚೀಟಿಯಲ್ಲಿ ಬರೆದಿಡಿ: ಯಾವ ರಾತ್ರಿ, ಎಷ್ಟು ಗಂಟೆಗೆ, ಯಾವ ಕಾಲು, ಎಷ್ಟು ನಿಮಿಷ, ಹಿಂದಿನ ಹಗಲು ಬಹಳ ಹೊತ್ತು ನಿಂತಿದ್ದಿರಾ, ಬೆವರಿದ್ದಿರಾ, ಮದ್ಯ ಕುಡಿದಿದ್ದಿರಾ. ಚೀಟಿಯ ಜತೆ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಇನ್‌ಹೇಲರನ್ನೂ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಅಂಗಡಿಯಿಂದ ನೀವೇ ತಂದ ವಿಟಮಿನ್ ಡಬ್ಬಿಯೂ ಅದರಲ್ಲಿರಲಿ.